ಐದು ಮೊದಲು, ಇಪ್ಪತ್ತು ಆಮೇಲೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲನೆಯವನು. ಇದನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ. ಸಿಗದಿದ್ದರೆ ಸಂದರ್ಭ ಮಾಡಿಕೊಂಡು ಹೇಳುತ್ತೇನೆ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ. ಅವ್ವನಿಗೆ ಅದೂ ಬೇಕಾಗಿರಲಿಲ್ಲ, ಕುರಿಗಳ ಹಿಂದೆ ಹೋಗುವವಳನ್ನು ಯಾರೂ ಸಹಿ ಕೇಳುವುದಿಲ್ಲ. ಕರಜಗಿಯಿಂದ ಅಕ್ಕಲಕೋಟೆಗೆ ಎಸ್‌ಟಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ನಾನು ಬಿ.ಎ. ಮಾಡಿದೆ. ಒಂದು ಸಲ ಇಂಗ್ಲಿಷ್ ಹೋಯಿತು, ಮತ್ತೆ ಕೂತು ಪಾಸಾದೆ. ಆ ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ಸೊಲ್ಲಾಪುರದ ನಮ್ಮ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ, ಬಂದವರಿಗೆ ಮೊದಲು ಕಾಣುವ ಗೋಡೆಗೆ ತೂಗುಹಾಕಿದ್ದೇನೆ.

ಹಾಗಾಗಿ ಕೊರೊನಾ ಬಂದ ಆ ಮಾರ್ಚಿನಲ್ಲಿ ಶಾಲೆಗಳು ಬಂದಾದಾಗ ನಾನು ಹೆದರಲಿಲ್ಲ. ನಾನು ಕಾರಕೂನಿಕೆ ಮಾಡುವ ಟವೆಲ್ ಅಂಗಡಿಯೂ ಬಂದಾಗಿತ್ತು. ಗಲ್ಲಿಯ ಬಾಯಿಗೆ ಮುನಿಸಿಪಾಲ್ಟಿಯವರು ತಗಡು ಬಡಿದಿದ್ದರು. ಹಗಲಿಡೀ ಕೇಳುತ್ತಿದ್ದ ಮಗ್ಗಗಳ ಸದ್ದು ನಿಂತುಹೋಗಿ, ಅದರ ಬದಲು ಆಗಾಗ ಅಂಬುಲೆನ್ಸಿನ ಸದ್ದು ಕೇಳುತ್ತಿತ್ತು. ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳನ್ನು ಟಿವಿಯ ಮುಂದೆ ಕೂರಿಸಿದ್ದರು. ನಾನು ಹೆಂಡತಿಗೆ ಹೇಳಿದೆ:

"ಅವರ ಮಕ್ಕಳ ಕತಿ ಬ್ಯಾರೆ. ನಮ್ಮ ಮನ್ಯಾಗ ಒಬ್ಬ ಗ್ರಾಜುಯೇಟ್ ಅದಾನ."

"ಹೌದೇನ್ರಿ? ಎಲ್ಲಿ ಅದಾನ? ನನಗ ಕಂಡಿಲ್ಲಲ್ಲ," ಎಂದಳು ಅವಳು. "ಇದ್ರ ಎದ್ದು ಒಂದ್ ಕೊಡ ನೀರ್ ತುಂಬು ಅನ್ರಿ ಅಂವಗ."

ಅವಳು ವಳಸಂಗದವಳು. ಹತ್ತನೆಯ ಇಯತ್ತೆ ಓದಿದ್ದಾಳೆ, ಇಲ್ಲಿ ತರಗತಿಗೆ ಇಯತ್ತೆ ಎನ್ನುತ್ತಾರೆ. ನನ್ನ ಡಿಗ್ರಿಯನ್ನು ಗೇಲಿ ಮಾಡುವ ಹಕ್ಕು ಅವಳೊಬ್ಬಳಿಗೇ ಇದೆ. ಆದರೆ ಒಳಗೊಳಗೆ ಅದನ್ನು ನನಗಿಂತ ಹೆಚ್ಚು ನಂಬಿದವಳೂ ಅವಳೇ. ಅದರ ಪರಿಣಾಮ ಏನಾಯಿತೆಂದು ಮುಂದೆ ಹೇಳುತ್ತೇನೆ.

ನಮಗೆ ಇಬ್ಬರು ಹೆಣ್ಣುಮಕ್ಕಳು. ಆಗ ದೊಡ್ಡವಳಿಗೆ ಏಳು ತುಂಬುತ್ತಿತ್ತು. ಮರಾಠಿ ಮಾಧ್ಯಮದ ಶಾಲೆಯಲ್ಲಿ ಒಂದನೆಯ ಇಯತ್ತೆ ಪರೀಕ್ಷೆಯಿಲ್ಲದೆ ಮುಗಿಸಿ ಎರಡನೆಯದಕ್ಕೆ ಬಂದಿದ್ದಳು. ಸಣ್ಣವಳಿಗೆ ಮೂರೂವರೆ. ಕಬ್ಬಿಣದ ಕಪಾಟಿನ ಹಸಿರು ಬಾಗಿಲನ್ನು ಹಲಗೆ ಮಾಡಿಕೊಂಡೆ, ಅದರ ಮೇಲೆ ಸೀಮೆಸುಣ್ಣ ಚೆನ್ನಾಗಿ ಮೂಡುತ್ತಿತ್ತು. ಬೆಳಗ್ಗೆ ಒಂಬತ್ತಕ್ಕೆ ಸ್ಟೀಲಿನ ತಟ್ಟೆ ಬಡಿದರೆ ಗಂಟೆ. ಹಾಜರಿ ಕೂಗಿದರೆ ಸಣ್ಣವಳು ಇಬ್ಬರ ಹೆಸರಿಗೂ ತಾನೇ "ಹಜರ್!" ಎನ್ನುತ್ತಿದ್ದಳು. ಹೆಂಡತಿ ಚಹಾ ತಂದಿಟ್ಟು, "ಗುರುಜಿ, ಮಧಲಿ ಸುಟ್ಟಿ ಬಿಡ್ರಿ, ಹುಡುಗ್ರು ಭಾಕ್ರಿ ತಿನ್ಲಿ," ಎಂದು ಬಿಡುವು ಕೊಡಿಸುತ್ತಿದ್ದಳು. ಮೊದಲ ಎರಡು ತಿಂಗಳು ನನ್ನ ಬದುಕಿನಲ್ಲೇ ಅತ್ಯಂತ ಸುಖದ ದಿನಗಳು ಎಂದು ಹೇಳಿದರೆ, ಆಗ ಸುತ್ತಲೂ ಸಾಯುತ್ತಿದ್ದವರಿಗೆ ಅವಮಾನವಾದೀತು. ಆದರೂ ಅದು ನಿಜ.

ಆಟದಂತೆ ಕಂಡರೂ ನನಗೆ ಅದು ಆಟವಾಗಿರಲಿಲ್ಲ. ನನ್ನ ಅಕ್ಕ ಮೂರನೆಯ ಇಯತ್ತೆಯಲ್ಲಿದ್ದಾಗ ಕುರಿ ಮರಿ ಹಾಕುವ ಕಾಲ ಬಂತು. ಅವ್ವನ ಕೈಗೆ ಆಸರೆಯಾಗಲೆಂದು ಅವಳನ್ನು ಶಾಲೆ ಬಿಡಿಸಿದರು, ಅದೊಂದು ಕಾಲಕ್ಕೆ ಮಾತ್ರ ಎಂದು. ಅವಳು ಮತ್ತೆ ಶಾಲೆಗೆ ಹೋಗಲಿಲ್ಲ. ಯಾರೂ ಬೇಡವೆನ್ನಲಿಲ್ಲ. ಕಲಿತದ್ದು ಮರೆತುಹೋಯಿತು, ಮರೆತವಳಿಗೆ ನಾಚಿಕೆಯಾಯಿತು, ನಾಚಿಕೊಂಡವಳು ಮನೆಯಲ್ಲೇ ಉಳಿದಳು. ಇವತ್ತಿಗೂ ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡನ್ನು ಯಾರಿಂದಲಾದರೂ ಓದಿಸಿಕೊಳ್ಳುತ್ತಾಳೆ. ಶಾಲೆ ಯಾವಾಗ ತೆರೆಯುತ್ತದೆಂದು ಸರಕಾರಕ್ಕೇ ಗೊತ್ತಿಲ್ಲದ ಆ ದಿನಗಳಲ್ಲಿ ನನ್ನ ಕಣ್ಣಮುಂದೆ ಇದ್ದದ್ದು ಅಕ್ಕ. ನನ್ನಿಂದ ಶುರುವಾದದ್ದು ನನ್ನ ಮಗಳಲ್ಲೇ ನಿಂತುಹೋಗಬಾರದು. ಮತ್ತೆ ಶಾಲೆ ತೆರೆದ ದಿನ ಅವಳು ನಾಚದೆ ಒಳಗೆ ಹೋಗುವಂತಿರಬೇಕು. ನನಗೆ ಬೇಕಾದದ್ದು ಅಷ್ಟೇ.

ಅವಳನ್ನು ಮರಾಠಿ ಶಾಲೆಗೆ ಯಾಕೆ ಹಾಕಿದೆ ಎಂದು ಕನ್ನಡ ಓದುವವರು ಕೇಳಬಹುದು. ಹೇಳುತ್ತೇನೆ. ನಾನು ಹತ್ತರವರೆಗೆ ಕನ್ನಡ ಶಾಲೆ. ಸಂತೆಯ ಮರಾಠಿ ಬರುತ್ತಿತ್ತು, ಕಾಲೇಜಿನ ಮರಾಠಿ ಬರುತ್ತಿರಲಿಲ್ಲ. ಅಕ್ಕಲಕೋಟೆಯ ಕಾಲೇಜಿನಲ್ಲಿ ನನ್ನ ಹಾಜರಿ ನಂಬರು ಐವತ್ತೊಂಬತ್ತು. ಸರ್ ಅದನ್ನು 'ಏಕೋಣಸಾಠ' ಎಂದು ಕೂಗುತ್ತಿದ್ದರು. ಮರಾಠಿಯಲ್ಲಿ ಐವತ್ತೊಂಬತ್ತೆಂದರೆ ಅರವತ್ತಕ್ಕೆ ಒಂದು ಕಡಿಮೆ. ನನ್ನ ಕಿವಿಗೆ ಬಿದ್ದದ್ದು 'ಸಾಠ' ಮಾತ್ರ. ಅರವತ್ತು ಯಾರೋ, ಎದ್ದು ನಿಲ್ಲಲಿ ಎಂದು ನಾನೂ ಹಿಂದೆ ತಿರುಗಿ ನೋಡುತ್ತಿದ್ದೆ. ಒಂದು ವಾರ ದಿನಾ ಹೋಗಿ ಕೂತೂ ಗೈರುಹಾಜರಾದೆ. ಗೊತ್ತಾದ ದಿನ ಇಡೀ ವರ್ಗ ನಕ್ಕಿತು. ಮುಂದೆ ಡಿಗ್ರಿ ಮುಗಿಯುವವರೆಗೂ ನಾನು ಒಳಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ "ಸಾಠ ಆಲಾ, ಸಾಠ ಆಲಾ" ಎಂಬ ಕೂಗು. ನನ್ನ ಮಕ್ಕಳಿಗೆ ಅದು ಬೇಡವೆಂದು ಆವತ್ತೇ ಗಟ್ಟಿ ಮಾಡಿಕೊಂಡಿದ್ದೆ, ಮದುವೆಗೂ ಮೊದಲು.

ಆಮೇಲೆ ನಾನು ಮರಾಠಿ ಅಂಕಿಗಳನ್ನು ಬಾಯಿಪಾಠ ಮಾಡಿದೆ. ಒಂದೊಂದನ್ನೂ ಇಡಿಯಾಗಿ ನುಂಗಿದೆ. ಪಂಚವೀಸ ಎಂದರೆ ಇಪ್ಪತ್ತೈದು, ಚೌತೀಸ ಎಂದರೆ ಮೂವತ್ನಾಲ್ಕು. ಯಾರಾದರೂ ಮರಾಠಿಯಲ್ಲಿ ಅಂದರೆ ತಲೆಯೊಳಗೆ ಕನ್ನಡದ ಅಂಕಿ ಬರುತ್ತದೆ, ಅದನ್ನು ನೋಡಿಕೊಂಡು ಕೈ ಬರೆಯುತ್ತದೆ. ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ ಹಾಗೇ ಬರೆಯುತ್ತಿದ್ದೇನೆ. ಪಂಚವೀಸ ಎಂಬ ಮಾತಿನೊಳಗೆ ಒಂದು ಐದು ಇದೆ, ಅದು ಇಪ್ಪತ್ತಕ್ಕಿಂತ ಮೊದಲೇ ಬಂದು ನಿಂತಿದೆ ಎಂಬುದು ನನ್ನ ಕಿವಿಗೆ ಒಂದು ದಿನವೂ ಕೇಳಿಸಿರಲಿಲ್ಲ.

ಜೂನ್ ಬಂತು. ಶಾಲೆ ಮೊಬೈಲಿನಲ್ಲಿ ಶುರುವಾಯಿತು. ಇಲ್ಲಿಯ ಮಕ್ಕಳು ಶಿಕ್ಷಕಿಯನ್ನು 'ಬಾಯಿ' ಎನ್ನುತ್ತಾರೆ. ಆ ಬಾಯಿ ದಿನಾ ಬೆಳಗ್ಗೆ ತಮ್ಮ ದನಿಯನ್ನು ರೆಕಾರ್ಡ್ ಮಾಡಿ ಗುಂಪಿಗೆ ಹಾಕುತ್ತಿದ್ದರು. ಮಕ್ಕಳು ಕೇಳಿ ವಹಿಯಲ್ಲಿ ಬರೆಯಬೇಕು, ಮನೆಯವರು ಫೋಟೋ ತೆಗೆದು ಕಳಿಸಬೇಕು. ಮನೆಗೆ ಒಂದೇ ಮೊಬೈಲು. ಅಕ್ಕನ ಪಾಠ ಮುಗಿಯುವವರೆಗೆ ತಂಗಿ ಅದರ ಮೇಲೆ ಕಣ್ಣಿಟ್ಟು ಕೂತಿರುತ್ತಿದ್ದಳು.

ಆ ದಿನ ಬಾಯಿ ಇಪ್ಪತ್ತು ಅಂಕಿ ಹೇಳಿ ಬರೆಸುವವರಿದ್ದರು. ಮೊದಲನೆಯದು ಪಂಚವೀಸ. ನಾನು ಮಗಳ ಹೆಗಲ ಮೇಲಿಂದ ನೋಡುತ್ತಿದ್ದೆ. ಅವಳು ಪೆನ್ಸಿಲನ್ನು ಚೌಕದ ಎಡಕ್ಕೆ ಇಡಲಿಲ್ಲ. ಅಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟು, ಬಲಕ್ಕೆ ಐದು ಬರೆದಳು. ಆಮೇಲೆ ಕೈ ಹಿಂದಕ್ಕೆ ಬಂತು. ಬಿಟ್ಟ ಜಾಗದಲ್ಲಿ ಎರಡು ಬರೆದಳು. ಮುಂದಿನದು ಚೌತೀಸ. ಮತ್ತೆ ಜಾಗ ಬಿಟ್ಟಳು, ನಾಲ್ಕು ಬರೆದಳು, ಹಿಂದೆ ಬಂದು ಮೂರು ಬರೆದಳು. ಹೀಗೆ ನಾಲ್ಕು ಅಂಕಿಯಾದವು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

"ಏ, ಇದೇನಿದು? ಹಿಂದಿಂದ ಮುಂದ ಬರಿಯೂದು ಯಾರ್ ಕಲಿಸ್ಯಾರ ನಿನಗ?"

"ಯಾರೂ ಕಲಿಸಿಲ್ಲ, ಪಪ್ಪಾ. ಹಂಗ ಬರ್ತೈತಿ."

ಯಾರೂ ಕಲಿಸಿಲ್ಲ ಎಂದದ್ದೇ ನನಗೆ ಇನ್ನಷ್ಟು ಹೆದರಿಕೆಯಾಯಿತು. ಕೆಲವು ಮಕ್ಕಳಿಗೆ ಅಕ್ಷರ ಉಲ್ಟಾ ಕಾಣುತ್ತವೆ, ಅಂಥವರಿಗೆ ಓದು ಹತ್ತುವುದಿಲ್ಲ ಎಂದು ಹೇಳುವ ವಿಡಿಯೋ ಒಂದನ್ನು ಯಾರೋ ಕಳಿಸಿದ್ದರು. ಆಗ ಎಲ್ಲರೂ ಎಲ್ಲವನ್ನೂ ಎಲ್ಲರಿಗೂ ಕಳಿಸುತ್ತಿದ್ದರು. ಡಾಕ್ಟರಿಗೆ ತೋರಿಸೋಣವೆಂದರೆ ನೆಗಡಿಗೂ ಯಾವ ದವಾಖಾನೆಯೂ ಬಾಗಿಲು ತೆಗೆಯುತ್ತಿರಲಿಲ್ಲ. ನಾನೇ ಸರಿ ಮಾಡುತ್ತೇನೆಂದು ನಿಶ್ಚಯಿಸಿದೆ. ರೆಕಾರ್ಡಿಂಗ್ ನಿಲ್ಲಿಸಿದೆ. ಹಾಳೆ ಮಗುಚಿದೆ. ಕಪಾಟಿನ ಬಾಗಿಲ ಮೇಲೆ ದೊಡ್ಡದಾಗಿ ಒಂದು ಬಾಣ ಬರೆದೆ, ಎಡದಿಂದ ಬಲಕ್ಕೆ.

"ಬರಿಯೂದು ಯಾವತ್ತೂ ಹಿಂಗ. ಕೈ ಹಿಂದ ಬರೂಹಂಗಿಲ್ಲ. ತಿಳೀತಾ?"

"ತಿಳೀತು."

ತಿಳಿಯಿತು, ಪಾಪ. ಮರುದಿನ ಪಂಚವೀಸ ಎಂದಾಗ, ಮೊದಲು ಕೇಳಿದ ಐದನ್ನು ಎಡಕ್ಕೆ ಬರೆದಳು, ಆಮೇಲೆ ಕೇಳಿದ ಎರಡನ್ನು ಬಲಕ್ಕೆ ಬರೆದಳು. ಐವತ್ತೆರಡಾಯಿತು. ಚೌತೀಸ ನಲವತ್ತಮೂರಾಯಿತು. ಸತ್ತೇಚಾಳೀಸ ಎಪ್ಪತ್ನಾಲ್ಕಾಯಿತು. ನಾನು ಒಂದೊಂದಕ್ಕೂ ಕೆಂಪು ಗೀಟು ಹಾಕಿದೆ.

"ಪಪ್ಪಾ, ಬಾಯಿ ಮದ್ಲ ಪಾಚ್ ಅಂತಾರಲ್ಲ."

"ಎಲ್ಲೆ ಅಂತಾರ? ಪಂಚವೀಸ ಅಂದ್ರ ಇಪ್ಪತ್ತೈದು. ಮದ್ಲ ಇಪ್ಪತ್ತ, ಆಮ್ಯಾಲ ಐದ. ದೊಡ್ಡದು ಮದ್ಲ."

ಹೊಸ ಪುಸ್ತಕ ತೆಗೆದು ತೋರಿಸಿದೆ. ಅದರಲ್ಲಿ ಹಳೆಯ ಹೆಸರಿನ ಜೊತೆಗೆ 'ವೀಸ ಪಾಚ' ಎಂದೂ ಇತ್ತು, ನಮ್ಮ ಕನ್ನಡದ ಹಾಗೆ ಇಪ್ಪತ್ತು ಮೊದಲು, ಐದು ಆಮೇಲೆ. ನೋಡು, ಪುಸ್ತಕವೇ ಹೇಳುತ್ತದೆ ಎಂದೆ. ಗ್ರಾಜುಯೇಟನಿಗೆ ಪುಸ್ತಕದ ಆಧಾರ ಸಿಕ್ಕಿಬಿಟ್ಟರೆ ಇನ್ನೇನು ಬೇಕು? ಆದರೆ ಬಾಯಿಯ ನಾಲಿಗೆ ಹುಟ್ಟಿನಿಂದ ಪಂಚವೀಸ ಅಂದದ್ದು. ಮೊಬೈಲಿನಿಂದ ಅದೇ ಬರುತ್ತಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು, ನಾನು ಪಾರಾದ ಉಪಾಯ. ಬಾಯಿ ಹೇಳಿದ್ದನ್ನು ಮೊದಲು ಮನಸ್ಸಿನಲ್ಲಿ ಕನ್ನಡ ಮಾಡಿಕೋ, ಆಮೇಲೆ ಬರಿ ಎಂದೆ. ಆದರೆ ಅವಳಿಗೆ ಕನ್ನಡದಲ್ಲಿ ಇಪ್ಪತ್ತರ ಆಚೆ ಎಣಿಸಲು ಬರುತ್ತಿರಲಿಲ್ಲ. ಮನೆಯಲ್ಲಿ ಮಾತೆಲ್ಲ ಕನ್ನಡ, ಎಣಿಕೆ ಮಾತ್ರ ಶಾಲೆಯದು. ಹಾಗಾಗಿ ಮರಾಠಿ ಅಂಕಿ ಬರೆಯುವುದಕ್ಕೆಂದು ಕನ್ನಡದ ಅಂಕಿ ಕಲಿಸತೊಡಗಿದೆ. ಇಪ್ಪತ್ತೊಂದು, ಇಪ್ಪತ್ತೆರಡು. ಅವ್ವನ ಫೋನು ಬಂದಾಗ ಅದನ್ನೂ ಪಾಠಕ್ಕೆ ಹಚ್ಚಿದೆ, ಅಜ್ಜಿಯ ಜೊತೆ ಎಣಿಸಲಿ ಎಂದು. ಸ್ಪೀಕರಿನಲ್ಲಿ ಅಜ್ಜಿ ಮೊಮ್ಮಗಳು ಕೂಡಿ ಎಣಿಸಿದರು. ಮೂವತ್ತರ ಸುಮಾರಿಗೆ ಅವ್ವ ನಿಲ್ಲಿಸಿದಳು.

"ತಮ್ಮಾ, ಕೂಸಿನ ದನಿ ಯಾಕ ಹಂಗ ನಡಗತೈತಿ?"

"ನಡಗೂದಿಲ್ಲವ್ವಾ. ಫೋನಿಂದು ಅದು."

"ನನಗ ಫೋನ್ ತಿಳೀದಿದ್ರೂ ದನಿ ತಿಳೀತೈತಿ, ತಮ್ಮಾ."

ಜುಲೈನಲ್ಲಿ ಒಂದು ದಿನ ಬರೆಸಿದ ಇಪ್ಪತ್ತರಲ್ಲಿ ಹತ್ತೊಂಬತ್ತು ತಪ್ಪಾದವು. ಅವಳು ಕೆಲವನ್ನು ಮರಾಠಿಯಲ್ಲಿ ಕೇಳಿದ ಹಾಗೆ ಬರೆದಿದ್ದಳು, ಕೆಲವನ್ನು ಕನ್ನಡ ಮಾಡಿಕೊಳ್ಳಲು ಹೋಗಿ ತಪ್ಪಿದ್ದಳು, ಕೆಲವನ್ನು ಸರಿಯಾಗಿ ಬರೆದು, ಸರಿಯಾಯಿತೇನೋ ಎಂದು ಅನುಮಾನ ಬಂದು ಅಳಿಸಿ ಉಲ್ಟಾ ಬರೆದಿದ್ದಳು. ಪಕ್ಕದಲ್ಲಿದ್ದ ಸಣ್ಣವಳು "ತಾಯೀಗೆ ಬರೂದಿಲ್ಲ, ತಾಯೀಗೆ ಬರೂದಿಲ್ಲ" ಎಂದು ಚಪ್ಪಾಳೆ ತಟ್ಟಿದಳು. ತಾಯೀ ಎಂದರೆ ಇಲ್ಲಿ ಅಕ್ಕ. ನಾನು ಕಟ್ಟಿಗೆಯ ಪಟ್ಟಿಯಿಂದ ದೊಡ್ಡವಳ ಕೈಗೆ ಹೊಡೆದೆ. ಒಮ್ಮೆ ಅಲ್ಲ. ಚಪ್ಪಾಳೆ ನಿಂತಿತು. ಹೊಡೆಸಿಕೊಂಡವಳು ಅಳಲಿಲ್ಲ. ಸಣ್ಣವಳೇ ಅತ್ತಳು.

ನಮ್ಮಪ್ಪ ನನ್ನನ್ನು ಹೊಲದ ಕೆಲಸಕ್ಕೆ ಹೊಡೆದಿದ್ದುಂಟು, ಓದಿಗೆ ಎಂದೂ ಹೊಡೆಯಲಿಲ್ಲ. ಓದು ಅವನಿಗೆ ಕೈ ಎತ್ತುವಷ್ಟು ಪರಿಚಯದ ವಿಷಯವಾಗಿರಲಿಲ್ಲ.

ಅಲ್ಲಿಂದ ತಟ್ಟೆ ಬಡಿದರೆ ಅವಳಿಗೆ ಹೊಟ್ಟೆ ನೋಯತೊಡಗಿತು. ನೋವು ಸುಳ್ಳಲ್ಲ, ಮುಖ ಬಿಳಿಚಿಕೊಳ್ಳುತ್ತಿತ್ತು. ಮಧ್ಯಾಹ್ನ ಅಕ್ಕತಂಗಿ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಎರಡು ಖೋಲಿಯಲ್ಲಿ ಅಡಗಲು ಜಾಗವೆಲ್ಲಿ? ಕಪಾಟಿನ ಹಿಂದೆ, ಇಲ್ಲವೇ ಚಾದರದ ಕೆಳಗೆ. ದೊಡ್ಡವಳು ಗೋಡೆಗೆ ಮುಖ ಮಾಡಿ ಎಣಿಸುತ್ತಿದ್ದಳು. ಮೊದಲೆಲ್ಲ ಐವತ್ತರವರೆಗೆ ಮರಾಠಿಯಲ್ಲಿ ಸರಸರ ಹೇಳುತ್ತಿದ್ದವಳು ಈಗ ಹತ್ತಕ್ಕೆ ನಿಲ್ಲುತ್ತಿದ್ದಳು. ಮತ್ತೆ ಒಂದರಿಂದ ಹತ್ತು. ಮತ್ತೆ ಒಂದರಿಂದ ಹತ್ತು. ಹೀಗೆ ಐದು ಸಲ ಹೇಳಿ ಕಣ್ಣು ತೆರೆಯುತ್ತಿದ್ದಳು. ನಾನು ಚಾಪೆಯ ಮೇಲೆ ಮಲಗಿ ಅದನ್ನು ಕೇಳುತ್ತಿದ್ದೆ. ಹನ್ನೊಂದಕ್ಕೆ ಕಾಲಿಡಲು ಹೆದರುವ ಮಗುವನ್ನು ನಾನು ಮನೆಯಲ್ಲಿ ಕೂರಿಸಿಕೊಂಡು ತಯಾರು ಮಾಡಿದ್ದೆ. ಏನು ಮಾಡಬೇಕೆಂದು ತಿಳಿಯಲಿಲ್ಲ. ಇನ್ನಷ್ಟು ಕಲಿಸಬೇಕು ಎಂಬುದನ್ನು ಬಿಟ್ಟು ಬೇರೆ ಉಪಾಯ ನನ್ನಲ್ಲಿ ಇರಲಿಲ್ಲ.

ಸೊಲ್ಲಾಪುರದಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಬೆಳಗಿನಿಂದಲೇ ಮನೆಮಂದಿಯೆಲ್ಲ ಕೊಡ, ಬಕೆಟ್ಟು, ಕುಕ್ಕರು, ಏನಿದ್ದರೂ ತುಂಬಬೇಕು. ಅಂಥ ಒಂದು ದಿನ ಹೆಂಡತಿ ನಳದ ಮುಂದೆ ಕೂತು, ನನ್ನ ಕಡೆ ನೋಡದೆ ಹೇಳಿದಳು:

"ಏನ್ರಿ, ಒಂದ್ ಮಾತ್ ಹೇಳ್ಲಿ? ಸಿಟ್ಟಿಗೇಳಬ್ಯಾಡ್ರಿ."

"ಹೇಳು."

"ಆಕಿ ಮದ್ಲ ಸರೀನೇ ಬರೀತಿದ್ಲು."

"ಯಾವಾಗ?"

"ನೀವು ಬಾಣ ಬರೆಯೂಕಿಂತ ಮದ್ಲ. ಬಾಯಿ ಪಂಚವೀಸ ಅಂದ್ರ ಮದ್ಲ ಪಾಚ್ ಕೇಳ್ತೈತಿ. ಅದನ್ನ ಅದರ ಜಾಗಾದಾಗ ಕುಂಡ್ರಸ್ತಿದ್ಲು. ದೊಡ್ಡದು ಹಿಂದ ಬರಾಕತ್ತೈತಿ ಅಂತ ಅದಕ್ಕ ಮುಂದ ಜಾಗಾ ಹಿಡಿದ ಇಟ್ಟಿರ್ತಿದ್ಲು, ಎಸ್‌ಟ್ಯಾಗ ನಾವು ರುಮಾಲ್ ಹಾಕಿ ಸೀಟ್ ಹಿಡಿತೀವಲ್ಲ, ಹಂಗ. ನೀವು ಆಕಿ ಕೈ ನೋಡಿದ್ರಿ. ಬರೆದದ್ದು ನೋಡ್ಲಿಲ್ಲ."

ಕೊಡ ತುಂಬಿ ಹರಿಯುತ್ತಿತ್ತು. ನಾನು ಎದ್ದು ಹೋಗಿ ವಹಿ ತೆಗೆದೆ. ಜೂನಿನ ಆ ಹಾಳೆ ಹುಡುಕಿದೆ. ನಾನು ತಡೆಯುವ ಮೊದಲು ಬರೆದ ನಾಲ್ಕು ಅಂಕಿ ಅಲ್ಲಿದ್ದವು. ಇಪ್ಪತ್ತೈದು, ಮೂವತ್ನಾಲ್ಕು, ನಲವತ್ತೇಳು, ಮೂವತ್ತಾರು. ನಾಲ್ಕೂ ಸರಿ. ಅವುಗಳ ಮೇಲೆ ನನ್ನ ಕೆಂಪು ಗೀಟೂ ಇರಲಿಲ್ಲ, ಸರಿ ಗುರುತೂ ಇರಲಿಲ್ಲ. ನಾನು ಅವುಗಳನ್ನು ಓದಿಯೇ ಇರಲಿಲ್ಲ.

ತಿರುಗಿ ಬಂದು ಕೇಳಿದೆ, "ಇದು ನಿನಗ ಅವತ್ತ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತ ಒಂದೂವರೆ ತಿಂಗಳ ಯಾಕ ಸುಮ್ಮಿದ್ದಿ? ನಾ ಹೊಡದಾಗ ಯಾಕ ಸುಮ್ಮಿದ್ದಿ?"

ಅವಳು ನಳ ತಿರುಗಿಸಿ ನೀರು ನಿಲ್ಲಿಸಿದಳು. "ನೀವು ಡಿಗ್ರಿ ಆದಾವ್ರು. ನನಗೇ ತಪ್ಪ್ ತಿಳಿದಿರಬೇಕು ಅನ್ಕೊಂಡ್ನಿ," ಎಂದಳು. ಆ ಸಲ ಅದರಲ್ಲಿ ಗೇಲಿ ಇರಲಿಲ್ಲ. ಗೇಲಿ ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಬಾಯಿಗೆ ಫೋನು ಮಾಡಿ, ಬೇರೆ ಯಾರದೋ ಮಗುವಿನ ವಿಷಯವೆಂಬಂತೆ ಕೇಳಿದೆ. ಅವರು ನಕ್ಕರು. ಎಷ್ಟೋ ಮಕ್ಕಳು ಹಾಗೆಯೇ ಬರೆಯುತ್ತಾರೆ, ತಾವೂ ಸಣ್ಣವರಿದ್ದಾಗ ಹಾಗೇ ಬರೆದದ್ದು, ಕೈ ರೂಢಿಯಾದ ಮೇಲೆ ತಾನಾಗಿಯೇ ಹೋಗುತ್ತದೆ, ಯಾರೂ ಏನೂ ಅನ್ನಬಾರದು ಅಷ್ಟೇ ಎಂದರು. ಯಾರೂ ಏನೂ ಅನ್ನಬಾರದು ಅಷ್ಟೇ. ಅದೊಂದು ಕೆಲಸಕ್ಕೆ ಡಿಗ್ರಿ ಬೇಕಿರಲಿಲ್ಲ.

ತಪ್ಪು ತಿಳಿದರೆ ತಿದ್ದಬಹುದು ಎಂದು ನಾನು ನಂಬಿದ್ದೆ, ವಹಿಯಲ್ಲಿ ಹಾಗೇ ತಾನೆ. ಮಗಳನ್ನು ಕೂರಿಸಿಕೊಂಡು, ಪಟ್ಟಿಯನ್ನು ಅವಳ ಮುಂದೆಯೇ ಕಿಟಕಿಯಿಂದ ಹೊರಗೆ ಒಗೆದು, ಮೆತ್ತಗೆ ಹೇಳಿದೆ, "ಅವ್ವಿ, ನೀ ಮದ್ಲ ಬರೀತಿದ್ದಿ ನೋಡು, ಹಂಗ ಬರಿ."

"ಅದು ತಪ್ಪು ಅಂದಿದ್ದಿ."

"ಅದು ತಪ್ಪಲ್ಲ. ಪಪ್ಪಾಂದ ತಪ್ಪಾಗಿತ್ತು."

"ಹಂಗಾರ ಬಾಣ ತಪ್ಪಾ?"

"ಬಾಣಾನೂ ತಪ್ಪಲ್ಲ."

ಅವಳು ನನ್ನನ್ನು ನೋಡಿದಳು. ಎರಡೂ ಸರಿ ಎನ್ನುವವನ ಮೇಲೆ ಯಾರಿಗೂ ನಂಬಿಕೆ ಬರುವುದಿಲ್ಲ, ಏಳು ವರ್ಷದವಳಿಗಂತೂ ಬರುವುದಿಲ್ಲ. "ಪಂಚವೀಸ," ಎಂದೆ. ಅವಳು ಪೆನ್ಸಿಲ್ ಇಟ್ಟಳು. ಜಾಗ ಬಿಡಬೇಕೋ ಬೇಡವೋ ಎಂದು ತುದಿ ಅತ್ತಿತ್ತ ಆಡಿತು. ಐದರ ತಲೆ ಎಳೆದಳು, ನಿಲ್ಲಿಸಿದಳು, ತಲೆ ಎತ್ತಿ ನನ್ನ ಮುಖ ನೋಡಿದಳು. ನನ್ನ ಹುಬ್ಬಿನಲ್ಲಿ ಏನು ಕಂಡಿತೋ, ಅಳಿಸಿದಳು. ಎರಡು ಬರೆದಳು. ಮತ್ತೆ ನೋಡಿದಳು. ನಾನು ಮುಖವನ್ನು ಕಲ್ಲಿನಂತೆ ಮಾಡಿಕೊಂಡೆ. ಕಲ್ಲಾದದ್ದು ಕಂಡೂ ಅಳಿಸಿದಳು. ಅಂಕಿಯನ್ನು ಕೇಳುವುದನ್ನು ಬಿಟ್ಟು ಅವಳು ನನ್ನ ಮುಖ ಓದುವುದನ್ನು ಕಲಿತಿದ್ದಳು. ನಾನು ಕಲಿಸಿದ್ದರಲ್ಲಿ ಪೂರ್ತಿ ಕಲಿತದ್ದು ಅದೊಂದೇ.

ಕಲಿಸುವ ಕೆಲಸವನ್ನು ಹೆಂಡತಿಗೆ ಬಿಟ್ಟುಕೊಟ್ಟೆ. ಭಾಕ್ರಿ ಬಡಿಯುತ್ತ ಅವಳು ಅಂಕಿ ಹೇಳುತ್ತಿದ್ದಳು, ಮಗಳು ಹಿಟ್ಟಿನ ಪರಾತದಲ್ಲಿ ಬೆರಳಿನಿಂದ ಬರೆಯುತ್ತಿದ್ದಳು. ನಾನು ಒಳಗೆ ಬಂದರೆ ಅಂಗೈಯಿಂದ ಸವರಿಬಿಡುತ್ತಿದ್ದಳು. ಹಾಗಾಗಿ ಪಾಠದ ಹೊತ್ತಿಗೆ ನಾನು ಹೊರಗಿನ ಮೆಟ್ಟಿಲ ಮೇಲೆ ಕೂರತೊಡಗಿದೆ. ಮುಖಕ್ಕೆ ರುಮಾಲು ಕಟ್ಟಿಕೊಂಡು ತರಕಾರಿ ಗಾಡಿಯವನು ಹೋಗುತ್ತ, "ಕಾಯ ಸಾಹೇಬ, ಘರಾತೂನ ಹಾಕಲಲಂ ಕಾ?" ಎಂದು ಕೇಳುತ್ತಿದ್ದ. ಮನೆಯಿಂದ ಹೊರಗೆ ಹಾಕಿದರೇ ಎಂದು. ನಗುತ್ತಿದ್ದೆ. ಉತ್ತರ ಹೌದು ಎಂದೇ ಆಗಿತ್ತು.

ಬಸ್ಸುಗಳು ಮತ್ತೆ ಓಡಾಡತೊಡಗಿದ ಮೇಲೆ ಕರಜಗಿಗೆ ಹೋದೆವು. ಹಟ್ಟಿಯ ಮುಂದೆ ಅವ್ವ ಕುರಿಮರಿಗಳಿಗೆ ಹಾಲು ಕುಡಿಸುತ್ತಿದ್ದಳು. ಮಕ್ಕಳಿಬ್ಬರೂ ಮರಿಗಳ ಬೆನ್ನುಹತ್ತಿ ಓಡಿದರು. ನಾನು ಅವ್ವನ ಹತ್ತಿರ ಕೂತು ನಡೆದದ್ದನ್ನೆಲ್ಲ ಹೇಳಿದೆ. ಬೈಯಲಿ ಎಂದೇ ಹೇಳಿದ್ದೆ, ನನಗೆ ಬೈಸಿಕೊಳ್ಳಬೇಕಾಗಿತ್ತು. ಅವಳು ಬೈಯಲಿಲ್ಲ.

"ನಿನಗ ಯಾರ್ ಕಲಸಿದ್ರು, ತಮ್ಮಾ?"

"ಮಾಸ್ತರ ಕಲಸಿದ್ರು."

"ಮನ್ಯಾಗ?"

"ಮನ್ಯಾಗ ಯಾರಿದ್ರು ಕಲಸಾಕ?"

"ಅದಽ ಮತ್ತ. ನೀ ಓದೂ ಮುಂದ ನಾವು ಸುಮ್ಮ ಕುಂದರ್ತಿದ್ವಿ. ಅದು ಸರಿಯೋ ತಪ್ಪೋ ನಮಗೇನ್ ತಿಳೀತಿತ್ತು? ನೀ ಓದಿದ್ದೆಲ್ಲ ನಮಗ ಸರೀನೇ ಕೇಳ್ತಿತ್ತು," ಎಂದಳು.

ನನ್ನ ಇಡೀ ಅಭಿಮಾನ ಒಂದು ಲೆಕ್ಕದ ಮೇಲೆ ನಿಂತಿತ್ತು: ಏನೂ ಇಲ್ಲದ ಮನೆಯಿಂದ ನಾನೊಬ್ಬನೇ ಮೇಲೆ ಬಂದೆ. ಆ ಮನೆಯಲ್ಲಿ ಏನೋ ಇತ್ತು. ಎದುರಿಗೆ ಕೂತು, ತಪ್ಪು ಹುಡುಕಲು ಬಾರದ ಇಬ್ಬರು ಇದ್ದರು. ನನ್ನ ಮಗಳಿಗೆ ಅದು ಸಿಗಲಿಲ್ಲ. ಅವಳಿಗೆ ಸಿಕ್ಕವನು ನಾನು. ಇದನ್ನು ತಿಳಿದುಕೊಂಡು ನಾನು ಮಾಡುವುದಾದರೂ ಏನು? ಓದಿದ್ದನ್ನು ಮರೆಯಲು ಆಗುತ್ತದೆಯೇ?

ಶಾಲೆ ತೆರೆಯುತ್ತದೆ ಎಂದರು, ಎರಡನೆಯ ಅಲೆ ಬಂತು. ಮತ್ತೆ ತೆರೆಯುತ್ತದೆ ಎಂದರು, ಮತ್ತೆ ಮುಂದೆ ಹೋಯಿತು. ಎರಡನೆಯ ಇಯತ್ತೆಯನ್ನು ಅವಳು ಶಾಲೆಯ ಬಾಗಿಲು ಕಾಣದೆ ಮುಗಿಸಿದಳು. ಕೊನೆಗೂ ತೆರೆದಾಗ ಮೂರನೆಯದರಲ್ಲಿದ್ದಳು, ಅದೂ ಅರ್ಧ ಮುಗಿದಿತ್ತು. ಪೂರ್ತಿ ಮರೆತ ಮಕ್ಕಳಿಗಾಗಿ ಹಳೆಯದನ್ನೇ ಮೊದಲಿನಿಂದ ಕಲಿಸುತ್ತೇವೆ, ಹೆದರಬೇಡಿ ಎಂದು ಬಾಯಿ ಗುಂಪಿಗೆ ಬರೆದಿದ್ದರು. ಅಷ್ಟರಲ್ಲಿ ಅವಳ ಸಮವಸ್ತ್ರ ಗಿಡ್ಡವಾಗಿತ್ತು. ಹೆಂಡತಿ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟಳು.

ನಾನೇ ಕರೆದುಕೊಂಡು ಹೋದೆ. ಗೇಟಿನ ಹತ್ತಿರ ಅವಳು ಕೇಳಿದಳು:

"ಪಪ್ಪಾ, ನೀನೂ ಒಳಗ ಬರ್ತೀ?"

ಬಾ ಎನ್ನುತ್ತಿದ್ದಾಳೋ, ಬರಬೇಡ ಎನ್ನುತ್ತಿದ್ದಾಳೋ ನನಗೆ ತಿಳಿಯಲಿಲ್ಲ. "ಬಾಗಲತನಕ," ಎಂದೆ.

ಬೆಂಚಿಗೆ ಒಬ್ಬರಂತೆ ಮಕ್ಕಳು ಕೂತಿದ್ದರು. ಎಲ್ಲರ ಮುಖಕ್ಕೂ ಮಾಸ್ಕ್. ಬಾಯಿ ಒಬ್ಬೊಬ್ಬರನ್ನೇ ಹಲಗೆಯ ಹತ್ತಿರ ಕರೆದು, ಏನು ನೆನಪಿದೆ ಎಂದು ನೋಡುತ್ತಿದ್ದರು. ನಾನು ಬಾಗಿಲಿನಲ್ಲಿ ನಿಂತಿದ್ದೆ. ಮಗಳ ಸರದಿ ಬಂತು. ಸೀಮೆಸುಣ್ಣ ತೆಗೆದುಕೊಂಡು ನಿಂತಳು.

"ತ್ರೇಚಾಳೀಸ ಲಿಹೀ ಬಾಳಾ," ಎಂದರು ಬಾಯಿ. ನಲವತ್ತಮೂರು ಬರೆಯಬೇಕು.

ಅವಳು ಹಲಗೆಯ ಕಡೆ ತಿರುಗಲಿಲ್ಲ. ಕತ್ತು ಹೊರಳಿಸಿ ಬಾಗಿಲಿನ ಕಡೆ ನೋಡಿದಳು, ನನ್ನನ್ನು. ಮಾಸ್ಕಿನ ಮೇಲೆ ಅವಳ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ನನ್ನ ಮಾಸ್ಕನ್ನು ನಾನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ, ಹುಬ್ಬು ಅಲುಗದಂತೆ ಹಿಡಿದುಕೊಂಡೆ. ಅವಳು ನೋಡುತ್ತಲೇ ಇದ್ದಳು. ಹಿಂದಿನ ಬೆಂಚಿನ ಹುಡುಗನೊಬ್ಬ ಕಿಸಕ್ಕೆಂದ.

ಬಾಯಿ ಅವಳು ನೋಡುತ್ತಿದ್ದ ಕಡೆ ನೋಡಿದರು. ಗದರಲಿಲ್ಲ. "ಬಾಬಾ, ತುಮ್ಹೀ ಜರಾ ಬಾಹೇರ ಥಾಂಬಾ," ಎಂದರು.

ಹೊರಗೆ ಬಂದೆ. ಅವಳಿಗೆ ಕಾಣಬಾರದೆಂದು ಕಿಟಕಿಯನ್ನೂ ದಾಟಿ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಒಳಗೆ ಬಾಯಿ ಅದೇ ಅಂಕಿಯನ್ನು ಇನ್ನೊಮ್ಮೆ, ನಿಧಾನವಾಗಿ ಹೇಳಿದರು. ಆಮೇಲೆ ಸೀಮೆಸುಣ್ಣ ಹಲಗೆಗೆ ತಾಗಿದ ಸದ್ದು ಬಂತು, ನಿಂತಿತು, ಮತ್ತೊಮ್ಮೆ ಬಂತು. ಮೂರು ಮೊದಲೋ ನಾಲ್ಕು ಮೊದಲೋ, ಸದ್ದಿನಿಂದ ತಿಳಿಯುವುದಿಲ್ಲ. ಸರಿ ಎಂದೂ ಬಾಯಿ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಮುಂದಿನ ಮಗುವಿನ ಹೆಸರು ಕರೆದರು.

ಒಳಗೆ ಇಣುಕಿದರೆ ಹಲಗೆ ಕಾಣುತ್ತಿತ್ತು. ಅವಳಿಗೆ ನಾನೂ ಕಾಣುತ್ತಿದ್ದೆ. ನಾನು ಇಣುಕಲಿಲ್ಲ.